ನೆಲಗಾಳಿ, ಕಡಲಗಾಳಿ

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯು ಕಡಲನ್ನು ಕೂಡುವೆಡೆಯಲ್ಲಿ, ಚಳಿಗಾಲದ ಮುಂಜಾವಿನ ಗಾಳಿಗೆ ಮಣ್ಣಿನ ವಾಸನೆಯಿರುತ್ತದೆ. ಅದು ಘಟ್ಟದ ಕಡೆಯಿಂದ ಇಳಿದುಬಂದ ಗಾಳಿ. ರಾತ್ರಿ ನೆಲವು ಕಡಲಿಗಿಂತ ಬೇಗನೆ ತಣ್ಣಗಾಗುವುದರಿಂದ ದಡದ ತಂಪು ಗಾಳಿ ನೀರಿನತ್ತ ಸರಿಯುತ್ತದೆ. ಹಗಲು ನೆಲ ಕಾದು ಅಲ್ಲಿನ ಗಾಳಿ ಮೇಲೇರಿದಾಗ ಕಡಲಗಾಳಿ ದಡಕ್ಕೆ ನುಗ್ಗುತ್ತದೆ. ಹಾಯಿಯ ಕಾಲದ ಮೀನುಗಾರರು ಮೊದಲನೆಯದನ್ನು ನಂಬಿ ಹೋಗುತ್ತಿದ್ದರು, ಎರಡನೆಯದನ್ನು ನಂಬಿ ಬರುತ್ತಿದ್ದರು. ಎಂಟನೆಯ ಇಯತ್ತೆಯಲ್ಲಿ ನನಗೆ ಈ ಪಾಠವನ್ನು ಹೇಳಿದ ಭೂಗೋಲದ ಮಾಸ್ತರರು ಮೂವತ್ತು ವರ್ಷ ಅದನ್ನು ಕರಿಹಲಗೆಯ ಮೇಲೆ ಬಾಣದ ಗುರುತುಗಳಿಂದ ಬರೆದು ತೋರಿಸಿದವರು. ಹಾಯಿದೋಣಿಯಲ್ಲಿ ಮಾತ್ರ ಒಮ್ಮೆಯೂ ಕುಳಿತವರಲ್ಲ. ಹುಟ್ಟಿನಿಂದ ಅವರು ಬಯಲುಸೀಮೆಯವರು.

ಅವರ ಪತ್ನಿ ಖಾರ್ವಿಯರ ಮನೆಯ ಮಗಳು. ಪ್ರಾಥಮಿಕ ಶಾಲೆಯಲ್ಲಿದ್ದು ನಿವೃತ್ತರಾದ ಅಕ್ಕೋರು. ಚಿಕ್ಕಂದಿನಿಂದ ಪ್ರತಿವರ್ಷವೂ ಕೂರ್ಮಗಡದ ನರಸಿಂಹನ ಜಾತ್ರೆಗೆ ದೋಣಿಯಲ್ಲಿ ಹೋಗಿಬರುತ್ತಿದ್ದವರು. 2019ರ ಜನವರಿಯಲ್ಲಿ ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ನೀರುಪಾಲಾದರು. ಅಂದಿನಿಂದ ಅಕ್ಕೋರು ದೋಣಿಯನ್ನು ಹತ್ತಿರಲಿಲ್ಲ. ದೇವರಿಗೆ ಒಪ್ಪಿಸಬೇಕಾದ ಬಾಳೆಗೊನೆಯ ಹರಕೆಯೊಂದು ಹಾಗೆಯೇ ಉಳಿದಿತ್ತು.

ಮೊನ್ನೆ ಮಾಘಮಾಸದ ಒಂದು ದಿನ, ಜಾತ್ರೆಯ ಗದ್ದಲವೆಲ್ಲ ಮುಗಿದ ಮೇಲೆ, ಮಾಸ್ತರರು ಅವರನ್ನು ಒಪ್ಪಿಸಿದರು. ಅಕ್ಕೋರ ತಮ್ಮ ತಾಂಡೇಲ. ಅವನ ದೋಣಿಗೆ ಯಂತ್ರವಿದ್ದರೂ ತಂದೆಯ ಕಾಲದ ಹಾಯಿಯನ್ನು ಅಟ್ಟದ ಮೇಲೆ ಸುತ್ತಿಟ್ಟಿದ್ದ. ಯಂತ್ರವನ್ನು ಮುಟ್ಟಬಾರದೆಂಬುದು ಮಾಸ್ತರರ ಶರತ್ತು. ಎಲ್ಲರೂ ಲೈಫ್ ಜಾಕೆಟ್ಟು ತೊಡಬೇಕು, ನಾಲ್ವರ ಮೇಲೆ ಒಬ್ಬರೂ ಕೂಡದು ಎಂಬುದು ಅಕ್ಕೋರದು. ನಾಲ್ಕನೆಯವನು ನಾನು. ಹತ್ತುವ ಮುನ್ನ ಅಕ್ಕೋರು ಬೆರಳು ಮಡಿಚಿ ನಮ್ಮನ್ನು ಎಣಿಸಿದರು.

ಇಳಿತದ ನೀರಿನೊಡನೆ ಅಳಿವೆಯನ್ನು ದಾಟಿದೆವು. ಹಿಂದಿನಿಂದ ನೆಲಗಾಳಿ ತುಂಬಿದೊಡನೆ ಹಾಯಿ ಒಮ್ಮೆ ಪಟಪಟನೆ ಬಡಿದು ಬಿಗಿಯಿತು. ಆಮೇಲೆ ಸದ್ದೇ ಇಲ್ಲ. ಇದೇ ನದಿಯಲ್ಲಿ, 1880ರ ದಶಕದ ಮೊದಲ ವರ್ಷಗಳಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರರು ಬೆಳದಿಂಗಳಿನಲ್ಲಿ ದೋಣಿವಿಹಾರ ಮಾಡಿದ್ದುಂಟು. ಅವರು ಹೊಳೆಯ ಮೇಲಕ್ಕೆ ಹೋದರು. ನಮ್ಮ ದಾರಿ ಕಡಲಿನತ್ತ.

ಕೂರ್ಮಗಡ ನಿಜಕ್ಕೂ ನೀರಿನಲ್ಲಿ ಬೆನ್ನೆತ್ತಿದ ಆಮೆಯೇ. ಜಾತ್ರೆಯ ದಿನ ಜನಸಾಗರವನ್ನು ಹೊರುವ ಆ ದಂಡೆಯಲ್ಲಿ ಅಂದು ನಾವಲ್ಲದೆ ಯಾರೂ ಇರಲಿಲ್ಲ. ಅಕ್ಕೋರು ಗೊನೆಯನ್ನು ಹೊಸ್ತಿಲಲ್ಲಿರಿಸಿ ಬಹಳ ಹೊತ್ತು ಕುಳಿತರು. ಏನು ಬೇಡಿಕೊಂಡರೋ ನಾನು ಕೇಳಲಿಲ್ಲ. ಮಾಸ್ತರರೂ ಕೇಳಲಿಲ್ಲ, ದೂರದಲ್ಲಿ ಚಪ್ಪಲಿ ಕಾಯುತ್ತ ನಿಂತಿದ್ದರು.

ದೇವಗಡದ ಬಳಿ ಬರುವಷ್ಟರಲ್ಲಿ ಗಾಳಿ ಸತ್ತಿತು. ಮೇಲೆ 1864ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ, ಕೆಳಗೆ ಗಾಜಿನಂಥ ನೀರು, ನಡುವೆ ಜೋತುಬಿದ್ದ ನಮ್ಮ ಹಾಯಿ. ದಕ್ಷಿಣಕ್ಕೆ ಅಂಜುದೀವ ಕಾಣುತ್ತಿತ್ತು. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಪೋರ್ಚುಗೀಸರಿಂದ ವಶಪಡಿಸಿಕೊಂಡ ಆ ದ್ವೀಪ ಈಗ ನೌಕಾನೆಲೆಯ ಭಾಗ. ನಮ್ಮಂಥವರು ದೂರದಿಂದ ನೋಡಿ ತೃಪ್ತಿಪಡಬೇಕು. ಮಾಸ್ತರರಿಗೆ ಪಾಠ ಹೇಳಲು ಇಷ್ಟೇ ಸಾಕಾಯಿತು. ಮಲಿಂದಿಯಿಂದ ನೈರುತ್ಯದ ಗಾಳಿ ಹಿಡಿದು 23 ದಿನಗಳಲ್ಲಿ ಭಾರತದ ದಡ ಕಂಡಿದ್ದ ವಾಸ್ಕೋ ಡ ಗಾಮ, 1498ರ ಅಕ್ಟೋಬರ್ 5ರಂದು ಈ ಅಂಜುದೀವದಿಂದ, ಈಶಾನ್ಯದ ಗಾಳಿ ಏಳುವುದನ್ನು ಕಾಯದೆ ಹೊರಟ. ಆಫ್ರಿಕದ ದಡ ಕಾಣಲು ಮೂರು ತಿಂಗಳು ಬೇಕಾಯಿತು. ಒಸಡು ಕೊಳೆಯುವ ರೋಗದಿಂದ ಅವನ ನಾವಿಕರಲ್ಲಿ ಹಲವರು ದಾರಿಯಲ್ಲೇ ಸತ್ತರು.

“ನಮ್ಮ ಗಾಳಿ ಹನ್ನೆರಡಕ್ಕೆ ಬರಬೇಕು,” ಎಂದು ಮಾಸ್ತರರು ಗಡಿಯಾರ ನೋಡಿದರು. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ದೋಣಿ ಮೆಲ್ಲನೆ ಬಂಡೆಯ ಕಡೆಗೆ ತೇಲುತ್ತಿತ್ತು. ತಾಂಡೇಲ ಹುಟ್ಟುಹಾಕಿ ಅದನ್ನು ದೂರ ಸರಿಸಿ, “ಭಾವ, ಇನ್ನು ಯಂತ್ರ ಹಾಕುತ್ತೇನೆ,” ಎಂದ. ಮಾಸ್ತರರ ಮುಖ ಸಣ್ಣದಾಯಿತು.

ಮುಂಜಾನೆಯಿಂದ ದೋಣಿಯ ಅಂಚನ್ನು ಬಿಗಿಹಿಡಿದಿದ್ದ ಅಕ್ಕೋರು ಕೈ ಸಡಿಲಿಸಿ ಪಡುವಲಿಗೆ ತೋರಿಸಿದರು. “ತಡಿ ತಮ್ಮಾ. ಅಗೋ, ನೀರು ಕಪ್ಪಾಯಿತು.” ನನಗೇನೂ ಕಾಣಲಿಲ್ಲ. ಆಮೇಲೆ ಕಂಡಿತು: ದಿಗಂತದ ಈಚೆಗೆ ಒಂದು ಕಪ್ಪುಗೆರೆ. ಗಾಳಿ ಸೋಕಿದಲ್ಲಿ ನೀರು ನವಿರಾಗಿ ಕೆದರಿ ಹೊಳಪು ಕಳೆದುಕೊಳ್ಳುತ್ತದೆ; ಮೈಗೆ ತಾಗುವ ಮೊದಲೇ ಗಾಳಿ ಕಣ್ಣಿಗೆ ಕಾಣುವುದು ಹೀಗೆ. ಗೆರೆ ಅಗಲವಾಗುತ್ತ ಬಂದು ನಮ್ಮನ್ನು ಮುಟ್ಟಿತು. ಕೆನ್ನೆಗೆ ಉಪ್ಪಿನ ತಂಪು ತಾಗಿತು, ಹಾಯಿ ಎದ್ದಿತು.

“ಇದು ನಿನಗೆ ಗೊತ್ತಿತ್ತೇನು?” ಎಂದರು ಮಾಸ್ತರರು.

“ನೀವೆಂದಾದರೂ ಕೇಳಿದಿರೇನು?”

ಮರಳುವ ದಾರಿಯಲ್ಲಿ ಮಾಸ್ತರರು ಪಾಠ ಹೇಳಲಿಲ್ಲ. ನೀರಿನ ಬಣ್ಣವನ್ನು ತೋರಿಸಿ ಒಂದೊಂದೇ ಕೇಳುತ್ತಿದ್ದರು: ಅಲ್ಲಿ ಮರಳದಿಣ್ಣೆಯೆ, ಅಲ್ಲಿ ಆಳವೆ? ಅಕ್ಕೋರು ಹೇಳುತ್ತಿದ್ದರು. ಅಳಿವೆ ಹತ್ತಿರವಾದಾಗ ತಮ್ಮ ಹಾಯಿಯ ಹಗ್ಗಕ್ಕೆ ಹೋದ. ಚುಕ್ಕಾಣಿಯನ್ನು ಅಕ್ಕೋರೇ ಹಿಡಿದರು. ದೋಣಿ ಮರಳಿಗೆ ತಾಗಿತು. ಒಬ್ಬೊಬ್ಬರಾಗಿ ಇಳಿದೆವು. ಎಲ್ಲರ ಹಿಂದೆ ಇಳಿದ ಅಕ್ಕೋರು ಸೆರಗಿನಿಂದ ಮುಖದ ಉಪ್ಪು ಒರೆಸಿಕೊಂಡು, ಮತ್ತೊಮ್ಮೆ ಬೆರಳು ಮಡಿಚಿ ನಮ್ಮನ್ನು ಎಣಿಸಿದರು.