ಮೈ ಕರಗಿಸುವ ಮದ್ದು

“ತುಂಬ ಇಳಿದುಹೋಗಿದ್ದೀರಲ್ಲ, ಆರೋಗ್ಯವಾಗಿದ್ದೀರಷ್ಟೆ?” ಎಂಬುದು ನಮ್ಮ ಹಿರಿಯರು ಕಳವಳದಿಂದ ಕೇಳುತ್ತಿದ್ದ ಪ್ರಶ್ನೆ. ಮಗು ಮೈಕೈ ತುಂಬಿಕೊಂಡಿದ್ದರೆ ಮನೆಯವರಿಗೆ ಸಂತೋಷ. ಸೊಸೆ ಸೊರಗಿದರೆ ಬೀಗರ ಮುಂದೆ ಅತ್ತೆಗೆ ನಾಚಿಕೆ. ನಮ್ಮ ನುಡಿಯಲ್ಲಿಯೂ ತೂಕಕ್ಕೆ ಮರ್ಯಾದೆಯೇ ಹೆಚ್ಚು. ತೂಕದ ಮಾತು, ತೂಕದ ಮನುಷ್ಯ ಎಂದರೆ ಹೊಗಳಿಕೆ. ನಾಲ್ವರ ಮುಂದೆ ಹಗುರವಾದನೆಂದರೆ ಮಾನ ಹೋಯಿತೆಂದೇ ಅರ್ಥ. ಬರಗಾಲದ ನೆನಪು ಮಾಸದಿದ್ದ ಜನರ ಮಾತು ಹೀಗಿದ್ದುದು ಸಹಜವೇ.

ಇಂದು ನಗರದ ಮನೆಗಳಲ್ಲಿ ಕಾಲ ತಿರುಗಿದೆ. “ಇಳಿದಿದ್ದೀರಲ್ಲ!” ಎಂಬ ಮಾತಿನಲ್ಲಿ ಈಗ ಕಳವಳವಿಲ್ಲ, ಮೆಚ್ಚುಗೆಯಿದೆ. ಅದರ ಬೆನ್ನಿಗೇ ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: “ಏನು ತೆಗೆದುಕೊಂಡಿರಿ?”

ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿ 2025ರಲ್ಲಿ ಎರಡು ಹೊಸ ಔಷಧಗಳು ನಮ್ಮ ದೇಶದ ಔಷಧದಂಗಡಿಗಳಿಗೆ ಬಂದವು. ಮಾರ್ಚ್ ತಿಂಗಳಲ್ಲಿ ಟಿರ್ಜೆಪಟೈಡ್, ಜೂನ್ ತಿಂಗಳಲ್ಲಿ ತೂಕ ಇಳಿಸುವುದಕ್ಕೆಂದೇ ಸಿದ್ಧಪಡಿಸಿದ ಸೆಮಾಗ್ಲುಟೈಡ್. ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕು, ಹಸಿವು ತಾನೇ ಹಿಂಜರಿಯುತ್ತದೆ. ಇದು ಗಾಳಿಮಾತಲ್ಲ, ಪರೀಕ್ಷೆಯಿಂದ ಸಿದ್ಧವಾದ ಸಂಗತಿ. ಆದರೆ ತೂಕ ಇಳಿಸುವ ಮದ್ದುಗಳಿಗೆ ಇದಕ್ಕೂ ಹಿಂದೆ ದೀರ್ಘವಾದ ಇತಿಹಾಸವೊಂದಿದೆ. ಅದನ್ನು ಬಲ್ಲವರು ಹೊಸ ಮದ್ದನ್ನು ಕಣ್ಣು ಮುಚ್ಚಿ ಕೊಳ್ಳಲಾರರು. ಕಣ್ಣು ಮುಚ್ಚಿ ಹಳಿಯಲೂ ಆರರು.

ಸ್ಥೂಲತೆ ಹೊಸ ಚಿಂತೆಯೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಎಂಟು ಬಗೆಯ ನಿಂದಿತ ದೇಹಗಳನ್ನು ಹೆಸರಿಸಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ದೇಹಗಳನ್ನು ಮುಖ್ಯವಾಗಿ ವಿಚಾರ ಮಾಡುತ್ತದೆ. ಸ್ಥೂಲತೆಯನ್ನು ಪ್ರಾಚೀನರು ಚಿಕಿತ್ಸೆಗೆ ತಕ್ಕ ವಿಷಯವೆಂದೇ ಎಣಿಸಿದ್ದರು. ಅದನ್ನು ಮಾತ್ರೆಯ ವ್ಯಾಪಾರವನ್ನಾಗಿ ಮಾಡಿದ್ದು ಮಾತ್ರ ಈಚಿನ ನೂರೈವತ್ತು ವರ್ಷಗಳ ಯೂರೋಪು, ಅಮೆರಿಕಗಳು. ಆದುದರಿಂದ ಕಥೆಯ ಮೊದಲ ಭಾಗಕ್ಕಾಗಿ ನಾವು ಅಲ್ಲಿಗೇ ಹೋಗಬೇಕು.

ಸಿಡಿಮದ್ದಿನಿಂದ ಬಂದ ಮದ್ದು

ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ಹಳದಿ ಪುಡಿಯನ್ನು ಬಳಸುತ್ತಿದ್ದರು. ಅದರ ನಡುವೆ ಕೆಲಸ ಮಾಡುತ್ತಿದ್ದ ಕೂಲಿಗಳು ವಿಪರೀತ ಬೆವರಿದರು, ಜ್ವರದಿಂದ ಬೆಂದರು, ಸೊರಗಿದರು. ಕೆಲವರು ಸತ್ತೂ ಹೋದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಂಡ್ಸರ್ ಕಟ್ಟಿಂಗ್, ಮಾರಿಸ್ ಟೇಂಟರ್ ಮೊದಲಾದ ವಿಜ್ಞಾನಿಗಳು ಇದೇ ಪುಡಿ ತೂಕ ಇಳಿಸಬಲ್ಲದೆಂದು ಪ್ರಕಟಿಸಿದರು. ಡಾಕ್ಟರ ಚೀಟಿಯೂ ಇಲ್ಲದೆ ಅದು ಅಂಗಡಿಗಳಲ್ಲಿ ಮಾರಾಟವಾಯಿತು.

ಅದು ಕೆಲಸ ಮಾಡುತ್ತಿದ್ದ ಬಗೆ ಸರಳ. ನಾವು ಉಂಡ ಅನ್ನದಿಂದ ಹುಟ್ಟುವ ಶಕ್ತಿಯನ್ನು ದೇಹದ ಜೀವಕೋಶಗಳು ಹಿಡಿದಿಟ್ಟು ಕೆಲಸಕ್ಕೆ ಬಳಸುತ್ತವೆ. ಈ ಪುಡಿ ಆ ಹಿಡಿತವನ್ನು ಸಡಿಲಿಸಿ ಶಕ್ತಿಯೆಲ್ಲ ಬರಿಯ ಶಾಖವಾಗಿ ಸೋರಿಹೋಗುವಂತೆ ಮಾಡುತ್ತದೆ. ಒಲೆಯ ಮೇಲೆ ಪಾತ್ರೆ ಇಡದೆ ಸೌದೆ ಉರಿಸಿದಂತೆ! ಸೌದೆ ತೀರುತ್ತದೆ, ನಿಜ. ಆದರೆ ಬೆಂಕಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಯಾರ ಕೈಯಲ್ಲಿಯೂ ಇಲ್ಲ. ಮೈ ಕಾದು ಕೆಲವರು ಸತ್ತರು. 1935ರ ಹೊತ್ತಿಗೆ ಇನ್ನೊಂದು ಕೇಡು ಬೆಳಕಿಗೆ ಬಂತು: ಮದ್ದು ತೆಗೆದುಕೊಂಡ ಹರೆಯದ ಹೆಂಗಸರ ಕಣ್ಣಿಗೆ ಪೊರೆ ಬರತೊಡಗಿತ್ತು. 1938ರಲ್ಲಿ ಅಮೆರಿಕ ಹೊಸ ಔಷಧ ಕಾನೂನನ್ನು ತಂದಿತು. ಆ ಮೇಲೆ ಈ ಪುಡಿ ಮನುಷ್ಯರ ಸೇವನೆಗೆ ತಕ್ಕುದಲ್ಲವೆಂದು ತೀರ್ಮಾನವಾಯಿತು.

ಆದರೇನು? ಕಳ್ಳದಾರಿಯಲ್ಲಿ ಅದು ಇನ್ನೂ ಬದುಕಿಯೇ ಇದೆ. ಅದನ್ನು ತರಿಸಿ ನುಂಗಿದ ತರುಣ ತರುಣಿಯರು ಸತ್ತುದರಿಂದ ಬ್ರಿಟನ್ 2023ರಲ್ಲಿ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಬೇಕಾಯಿತು. ಅದಕ್ಕೆ ಪ್ರತಿವಿಷ ಇಲ್ಲ.

ಬೆಲೆ ತೆತ್ತ ಅಂಗಗಳು

ಮುಂದಿನ ಸರದಿ ಆಂಫೆಟಮೀನ್ ಮಾತ್ರೆಗಳದು. ಇವು ಹಸಿವನ್ನು ಕೊಲ್ಲುತ್ತಿದ್ದವು. ಜೊತೆಗೆ ನಿದ್ದೆಯನ್ನೂ ಮನಶ್ಶಾಂತಿಯನ್ನೂ ಕೊಂದು, ಬಿಡಲಾಗದ ಚಟವನ್ನು ಅಂಟಿಸುತ್ತಿದ್ದವು. ಅಮೆರಿಕದಲ್ಲಿ ಇವನ್ನು ಬಣ್ಣಬಣ್ಣದ ಬೇರೆ ಮಾತ್ರೆಗಳೊಡನೆ ಕೂಡಿಸಿ, ಕಾಮನಬಿಲ್ಲಿನ ಹೆಸರಿಟ್ಟು ಕೊಡುತ್ತಿದ್ದರು. 1968ರಲ್ಲಿ ‘ಲೈಫ್’ ಎಂಬ ಸಚಿತ್ರ ವಾರಪತ್ರಿಕೆ ಸೂಸಾನಾ ಮೆಕ್‌ಬೀ ಎಂಬ ತನ್ನ ಬರಹಗಾರ್ತಿಯನ್ನು ಇಂಥ ಹತ್ತು ಮಂದಿ ಡಾಕ್ಟರುಗಳ ಬಳಿಗೆ ಕಳುಹಿಸಿತು. ಆಕೆ ದಪ್ಪವಾಗಿಯೇ ಇರಲಿಲ್ಲ. ಆದರೂ ಆಕೆಯ ಚೀಲ ಸೇರಿದ ಮಾತ್ರೆಗಳು ಸುಮಾರು ಒಂದೂವರೆ ಸಾವಿರ!

1965ರಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಪಶ್ಚಿಮ ಜರ್ಮನಿಗಳಲ್ಲಿ ಅಮಿನೊರೆಕ್ಸ್ ಎಂಬ ಮಾತ್ರೆ ಬಂತು. ಎರಡು ಮೂರು ವರ್ಷಗಳಲ್ಲಿ ಆ ದೇಶಗಳ ಆಸ್ಪತ್ರೆಗಳಿಗೆ ಏದುಸಿರು ಬಿಡುವ ರೋಗಿಗಳು ಬರತೊಡಗಿದರು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಅವರ ಹೃದಯ ದಣಿದುಹೋಗಿತ್ತು. 1968ರಲ್ಲಿ ಸ್ವಿಟ್ಜರ್ಲೆಂಡ್ ಆ ಮಾತ್ರೆಯನ್ನು ಅಂಗಡಿಗಳಿಂದ ತೆಗೆಸಿತು.

ಈ ಪಾಠ ಹೆಚ್ಚು ಕಾಲ ನೆನಪಿನಲ್ಲಿ ಉಳಿಯಲಿಲ್ಲ. ಫೆನ್‌ಫ್ಲುರಮೀನ್, ಫೆಂಟರ್ಮೀನ್ ಎಂಬ ಎರಡು ಔಷಧಗಳನ್ನು ಬೆರೆಸಿದ ‘ಫೆನ್-ಫೆನ್’ ಅಮೆರಿಕದಲ್ಲಿ ಮನೆಮಾತಾಯಿತು; 1996ರ ಒಂದೇ ವರ್ಷದಲ್ಲಿ ಈ ಔಷಧಗಳಿಗಾಗಿ ಒಂದು ಕೋಟಿ 80 ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ಬರೆಯಲಾಯಿತು. 1997ರಲ್ಲಿ ಮೇಯೊ ಕ್ಲಿನಿಕ್ಕಿನ ವೈದ್ಯರು, ಇವನ್ನು ಸೇವಿಸಿದ 24 ಹೆಂಗಸರ ಹೃದಯದ ಕವಾಟಗಳು ಕೆಟ್ಟಿರುವುದನ್ನು ವರದಿ ಮಾಡಿದರು. ಆ ವರ್ಷದ ಸೆಪ್ಟೆಂಬರಿನಲ್ಲೇ ಫೆನ್‌ಫ್ಲುರಮೀನ್ ಮಾರುಕಟ್ಟೆಯಿಂದ ಹೊರಬಿತ್ತು.

ಆಮೇಲಿನ ಎರಡು ಹೆಸರುಗಳು ನಮ್ಮ ದೇಶಕ್ಕೂ ಬಂದವು. ಯೂರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಪಡೆದ ರಿಮೊನಬಂಟ್ ಮನಸ್ಸನ್ನು ಕುಗ್ಗಿಸಿ, ಆತ್ಮಹತ್ಯೆಯ ಯೋಚನೆಗೂ ಎಡೆಗೊಡುತ್ತದೆಂದು ಕಂಡು 2008ರಲ್ಲಿ ಅಲ್ಲಿ ಮಾರಾಟ ನಿಂತಿತು. 2009ರಲ್ಲಿ ಭಾರತ ನಿಷೇಧಿಸಿತು. ಸಿಬುಟ್ರಮೀನ್ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸುತ್ತದೆಂದು ಕಂಡುಬಂದು 2010ರಲ್ಲಿ ಯೂರೋಪು, ಅಮೆರಿಕಗಳಲ್ಲಿ ನಿಂತಿತು; 2011ರಲ್ಲಿ ಇಲ್ಲಿಯೂ ನಿಷಿದ್ಧವಾಯಿತು.

ಈ ಎಲ್ಲ ಮದ್ದುಗಳಿಂದಲೂ ತೂಕ ಇಳಿದದ್ದು ಸುಳ್ಳಲ್ಲ. ಆದರೆ ಪ್ರತಿಯೊಂದು ಸಲವೂ ಬೆಲೆ ತೆತ್ತದ್ದು ಬೇರೊಂದು ಅಂಗ. ಒಮ್ಮೆ ಕಣ್ಣು, ಒಮ್ಮೆ ಶ್ವಾಸಕೋಶ, ಒಮ್ಮೆ ಹೃದಯ, ಒಮ್ಮೆ ಮನಸ್ಸು. ತಕ್ಕಡಿಯ ಮೇಲೆ ನಿಂತವರಿಗೆ ಇಳಿದ ಅಂಕಿ ಮಾತ್ರ ಕಾಣುತ್ತಿತ್ತು. ಒಳಗಿನ ಲೆಕ್ಕ ಕಾಣುತ್ತಿರಲಿಲ್ಲ.

“ಗಿಡಮೂಲಿಕೆಯಲ್ಲವೆ?”

ಇಷ್ಟನ್ನು ಕೇಳಿದ ಮೇಲೆ, “ಮಾತ್ರೆಯ ಗೊಡವೆ ಬೇಡ, ಗಿಡಮೂಲಿಕೆಯದೇನಾದರೂ ಇದ್ದರೆ ನೋಡೋಣ” ಎನ್ನುವವರುಂಟು. ಅಂಥವರು ಬೆಲ್ಜಿಯಂನ ಬ್ರಸೆಲ್ಸ್ ನಗರದ ಸಂಗತಿಯನ್ನು ಕೇಳಬೇಕು. 1990ರ ಸುಮಾರಿಗೆ ಅಲ್ಲಿನ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಪುಡಿಯನ್ನು ಕೊಡುತ್ತಿದ್ದರು. ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಎಂಬ ಕುಲದ ಇನ್ನೊಂದು ಬೇರು ಅದರಲ್ಲಿ ಸೇರಿಹೋಯಿತು. 1993ರಲ್ಲಿ ಈ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂತ್ರಪಿಂಡ ಕೆಟ್ಟವರ ಸಂಖ್ಯೆ ಮುಂದೆ ನೂರನ್ನು ದಾಟಿತು. ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ನಮ್ಮ ಹಳ್ಳಿಗಾಡಿನ ಈಶ್ವರಬಳ್ಳಿ ಇದೇ ಕುಲಕ್ಕೆ ಸೇರಿದ್ದು ಎಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಕೊರಗುತ್ತದೆ. ಆದರೆ ಗಿಡವಾದ ಮಾತ್ರಕ್ಕೆ ಅದು ಮದ್ದೂ ಆಗದು.

ಇನ್ನೂ ಒಂದು ಮೋಸವಿದೆ. “ಕೇವಲ ಮೂಲಿಕೆ” ಎಂದು ಮಾರುವ ಪುಡಿ, ಚಹ, ಗುಳಿಗೆಗಳನ್ನು ಬೇರೆ ಬೇರೆ ದೇಶಗಳ ಅಧಿಕಾರಿಗಳು ಪರೀಕ್ಷಿಸಿದಾಗ, ನಿಷಿದ್ಧವಾದ ಸಿಬುಟ್ರಮೀನೇ ಒಳಗೆ ಅಡಗಿದ್ದುದು ಎಷ್ಟೋ ಸಲ ಸಿಕ್ಕಿದೆ. ಅವು ಗುಣ ಕೊಡುವುದರ ಗುಟ್ಟು ಅದೇ.

ಹಲ್ಲಿ ತೋರಿಸಿದ ದಾರಿ

ಹೊಸ ಮದ್ದುಗಳ ಹುಟ್ಟು ಬೇರೆ ಬಗೆಯದು. ನಾವು ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಹೊರಸೂಸುತ್ತದೆ. ಇನ್ಸುಲಿನ್ ಬೇಕೆಂದು ಮೇದೋಜೀರಕಕ್ಕೆ, ನಿಧಾನಿಸೆಂದು ಹೊಟ್ಟೆಗೆ, ಸಾಕೆಂದು ಮಿದುಳಿಗೆ ಅದು ತಿಳಿಸುತ್ತದೆ. ಆದರೆ ರಕ್ತದಲ್ಲಿ ಎರಡೇ ನಿಮಿಷಗಳಲ್ಲಿ ಅದರ ಅರ್ಧ ಭಾಗ ಅಳಿದುಹೋಗುತ್ತದೆ; ಔಷಧವಾಗಿ ಬಳಸುವ ಬಗೆ ಹೇಗೆ? ಉತ್ತರದ ಸುಳಿವು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ವರ್ಷಕ್ಕೆ ಕೆಲವೇ ಸಲ ಉಣ್ಣುವ ಪ್ರಾಣಿಯದು. ಅದರ ವಿಷದಲ್ಲಿ ಈ ಹಾರ್ಮೋನನ್ನು ಹೋಲುವ, ಆದರೆ ಬೇಗ ಅಳಿಯದ ವಸ್ತುವೊಂದಿರುವುದನ್ನು ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು 1992ರಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ ಔಷಧ 2005ರಲ್ಲಿ ಸಿಹಿಮೂತ್ರ ರೋಗಕ್ಕೆ ಬಳಕೆಗೆ ಬಂತು. ಆಮೇಲೆ ಬಂದ ಸೆಮಾಗ್ಲುಟೈಡ್ ಹಲ್ಲಿಯದಲ್ಲ. ಮನುಷ್ಯನ ಹಾರ್ಮೋನನ್ನೇ ತುಸು ಮಾರ್ಪಡಿಸಿ, ವಾರಗಟ್ಟಲೆ ಉಳಿಯುವಂತೆ ಮಾಡಿದ್ದು.

2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 1,961 ಮಂದಿ ಭಾಗವಹಿಸಿದ್ದರು. 68 ವಾರಗಳಲ್ಲಿ ಔಷಧ ಪಡೆದವರ ತೂಕ ಸರಾಸರಿ ಶೇಕಡ 14.9ರಷ್ಟು ಇಳಿಯಿತು, ಔಷಧವಿಲ್ಲದ ಸೂಜಿ ಪಡೆದವರದು ಶೇಕಡ 2.4 ಮಾತ್ರ. 80 ಕಿಲೋ ತೂಗುವವರ ಮಟ್ಟಿಗೆ ಹೇಳುವುದಾದರೆ ಸುಮಾರು 12 ಕಿಲೋ! 2022ರ ಇನ್ನೊಂದು ಪರೀಕ್ಷೆಯಲ್ಲಿ ಟಿರ್ಜೆಪಟೈಡಿನ ಹೆಚ್ಚಿನ ಪ್ರಮಾಣ 72 ವಾರಗಳಲ್ಲಿ ಶೇಕಡ 20.9ರಷ್ಟು ಇಳಿಸಿತು. ಇದಕ್ಕಿಂತಲೂ ದೊಡ್ಡ ಮಾತು 2023ರದು. ಹೃದಯ, ರಕ್ತನಾಳಗಳ ರೋಗವಿದ್ದ 17,604 ಮಂದಿಯಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳನ್ನು ಒಟ್ಟಾರೆ ಶೇಕಡ 20ರಷ್ಟು ತಗ್ಗಿಸಿತು. ಫೆನ್-ಫೆನ್ ಹೃದಯವನ್ನು ಕೆಡಿಸಿತ್ತು, ಇದು ಕಾಪಾಡಿತು.

ಹಾಗಾದರೆ ಬೆಲೆಯೇ ಇಲ್ಲವೆ? ಇದೆ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಉಂಟಾಗಬಹುದು. ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ವಯಸ್ಸಾದವರಿಗೆ ಇದು ಸಣ್ಣ ನಷ್ಟವಲ್ಲ. ಗರ್ಭಿಣಿಯರು ಮತ್ತು ಥೈರಾಯ್ಡಿನ ಒಂದು ವಿರಳ ಬಗೆಯ ಕ್ಯಾನ್ಸರ್ ಮನೆತನದಲ್ಲಿರುವವರು ಇದನ್ನು ಮುಟ್ಟಲೇಬಾರದು. ಎಲ್ಲಕ್ಕಿಂತ ಮುಖ್ಯವಾದ ಬೆಲೆ ಕಾಲದ್ದು. ಮದ್ದು ನಿಲ್ಲಿಸಿದವರನ್ನು ಒಂದು ವರ್ಷದ ಮೇಲೆ ತೂಗಿ ನೋಡಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಇದು ಅವರ ಸೋಮಾರಿತನವಲ್ಲ. ತೂಕ ಇಳಿದ ದೇಹ ಅದನ್ನು ಬರಗಾಲವೆಂದೇ ಬಗೆದು, ಹಸಿವನ್ನು ಹೆಚ್ಚಿಸಿ ವೆಚ್ಚವನ್ನು ತಗ್ಗಿಸುತ್ತದೆ. ಹಾಗಾಗಿ ಈ ಮದ್ದು ರಕ್ತದೊತ್ತಡದ ಮಾತ್ರೆಯಂತೆ ಬಹುಕಾಲದ ಸಂಗಾತಿ; ಮದುವೆಯ ಮುನ್ನ ಮೂರು ತಿಂಗಳು ಬಂದು ಹೋಗುವ ನೆಂಟನಲ್ಲ. 2025ರಲ್ಲಿ ಇಲ್ಲಿಗೆ ಬಂದಾಗ ಅದರ ತಿಂಗಳ ಖರ್ಚು ಹತ್ತು ಸಾವಿರ ರೂಪಾಯಿಗಳನ್ನು ಮೀರಿತ್ತೆಂಬುದನ್ನೂ ಮರೆಯಬಾರದು.

ಯಾರಿಗೆ ಬೇಕು?

ಇದು ರೋಗಕ್ಕೆ ಔಷಧ, ಅಲಂಕಾರಕ್ಕಲ್ಲ. ಕಿಲೋಗ್ರಾಂಗಳಲ್ಲಿ ತೂಕವನ್ನು, ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ 30ಕ್ಕೆ ಮುಟ್ಟಿದವರಿಗೆ, ಇಲ್ಲವೆ 27ಕ್ಕೆ ಮುಟ್ಟಿ ಜೊತೆಗೆ ರಕ್ತದೊತ್ತಡ, ಸಿಹಿಮೂತ್ರದಂಥ ರೋಗವಿದ್ದವರಿಗೆ ಇದನ್ನು ಕೊಡುವುದು ಅಮೆರಿಕದ ನಿಯಮ. ನಮ್ಮವರ ಮೈ ಹೊರಗೆ ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬನ್ನು ಬೇಗ ಕೂಡಿಡುತ್ತದೆ. ಆದುದರಿಂದ ಭಾರತೀಯ ವೈದ್ಯರು 25ನ್ನೇ ಸ್ಥೂಲತೆಯ ಗಡಿಯೆಂದು 2009ರಲ್ಲಿ ಗೊತ್ತುಮಾಡಿದರು. 160 ಸೆಂಟಿಮೀಟರ್ ಎತ್ತರದವರಿಗೆ ಅದು 64 ಕಿಲೋ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೂ ಎಚ್ಚರಿಕೆ ಬೇಕು. ಆದರೆ ಗಡಿ ದಾಟಿದವರೆಲ್ಲರಿಗೂ ಮದ್ದು ಬೇಕೆಂದಲ್ಲ; ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಗೆಳತಿ ಹೇಳಿದಳೆಂದೋ, ಕಡಮೆ ಬೆಲೆಗೆ ಸಿಕ್ಕಿತೆಂದೋ ಕೊಳ್ಳುವುದು ಅಪಾಯ. ನಕಲಿ ಸೆಮಾಗ್ಲುಟೈಡ್ ಹಲವು ದೇಶಗಳಲ್ಲಿ ಸಿಕ್ಕಿದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನಿನಲ್ಲಿ ಎಲ್ಲರನ್ನೂ ಎಚ್ಚರಿಸಿತು.

ಮನೆಯವರಿಗೂ ಒಂದು ಮಾತು. ದಪ್ಪವಾದವರನ್ನು ಆಡಿಕೊಂಡು ನಗುವುದು ನಮ್ಮಲ್ಲಿ ಇನ್ನೂ ವಿನೋದವೆನಿಸಿಕೊಂಡಿದೆ. ಆ ನಗೆಗೆ ಅಂಜಿಯೇ ಎಷ್ಟೋ ಹೆಣ್ಣುಮಕ್ಕಳು ಯಾರಿಗೂ ಹೇಳದೆ ಮದ್ದು ನುಂಗುತ್ತಾರೆ. ಗುಟ್ಟಾಗಿ ನುಂಗಿದ ಮದ್ದಿನ ಕೇಡೂ ಗುಟ್ಟಾಗಿಯೇ ಬೆಳೆಯುತ್ತದೆ. ನಿಜವಾಗಿ ಔಷಧ ಬೇಕಾದವರು ಅದನ್ನು ತಲೆಯೆತ್ತಿ ತೆಗೆದುಕೊಳ್ಳುವಂತಾಗಬೇಕು. ಬೇಡದವರಿಗೆ ಬೇಡವೆಂದು ಹೇಳುವ ಧೈರ್ಯ ಮನೆಯಲ್ಲಿರಬೇಕು.

ಯಾವ ಮದ್ದೇ ಆಗಲಿ, ಕೊಳ್ಳುವ ಮುನ್ನ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ಇದು ನನ್ನ ತೂಕವನ್ನು ಯಾವ ಬಗೆಯಿಂದ ಇಳಿಸುತ್ತದೆ? ಎಷ್ಟು ಕಾಲ ತೆಗೆದುಕೊಳ್ಳಬೇಕು? ಬಿಟ್ಟ ಮೇಲೆ ಏನಾಗುತ್ತದೆ? ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆಯುವ ತನಕ ಹಣದ ಚೀಲವನ್ನು ಬಿಚ್ಚುವ ಅವಸರ ಬೇಡ.