ರೇಷ್ಮೆಹುಳುವಿನ ಕಾಲಗಣನೆ

ಕುಣಿಗಲು, ಮಾಗಡಿಗಳ ಸೀಮೆಯ ಯಾವುದಾದರೊಂದು ಹುಳುಮನೆಯನ್ನು ಹೊಕ್ಕು, ಒಂದರ ಮೇಲೊಂದಾಗಿ ಏರಿಸಿಟ್ಟ ತಟ್ಟೆಗಳಲ್ಲೊಂದನ್ನು ಹೊರಗೆಳೆದು, ಹುಳು ಹೇಗಿದೆಯೆಂದು ಮನೆಯೊಡತಿಯನ್ನು ಕೇಳಿದವರಿಗೆ, “ಮೂರನೇ ಜ್ವರಕ್ಕೆ ಕೂತೈತೆ ಸ್ವಾಮಿ” ಎಂಬ ಉತ್ತರ ದೊರೆಯುವುದುಂಟು. ಜ್ವರವೆಂಬ ಮಾತಿಗೆ ಗಾಬರಿಗೊಳ್ಳಬೇಕಾದುದಿಲ್ಲ. ಅದು ರೋಗವಲ್ಲ, ಹುಳು ಪೊರೆ ಬಿಡುವ ಕಾಲ. ಆಗ ಅದು ಸೊಪ್ಪನ್ನು ಮುಟ್ಟದು. ತಲೆಯನ್ನೂ ಎದೆಯನ್ನೂ ಮೇಲಕ್ಕೆತ್ತಿ, ತಾನೇ ನೂತ ತೆಳುವಾದ ಎಳೆಗಳಿಗೆ ಹಿಂಗಾಲುಗಳನ್ನು ಬಿಗಿದುಕೊಂಡು, ನಿಶ್ಚಲವಾಗಿ ನಿಂತಿರುತ್ತದೆ. ಮೈಚರ್ಮ ಬಿಗಿದು ಹೊಳೆಯುತ್ತದೆ. ತಲೆಯ ಹಿಂಬದಿಯಲ್ಲಿ, ಹಳೆಯ ಪೊರೆಯ ಅಡಿಯಲ್ಲಿ, ಮುಂದಿನ ಅವಸ್ಥೆಯ ದೊಡ್ಡ ತಲೆ ಮಬ್ಬಾದ ತ್ರಿಕೋಣದಂತೆ ತೋರುತ್ತದೆ. ಒಂದು ಹಗಲು ಒಂದು ರಾತ್ರಿ ಹೀಗೆ ಕಳೆದ ಮೇಲೆ, ಮುಖದ ಹಳೆಯ ಚಿಪ್ಪು ಕಳಚಿ ಬಿದ್ದು, ಪೊರೆ ಹಿಂದಕ್ಕೆ ಸರಿದು, ಸಡಿಲವಾದ ಹೊಸ ಚರ್ಮವನ್ನು ತೊಟ್ಟ ಹುಳು ತೆವಳಿ ಹೊರಬರುತ್ತದೆ. ಜ್ವರದ ವೇಳೆಯಲ್ಲಿ ಒಕ್ಕಲಿನವರು ಸೊಪ್ಪು ನಿಲ್ಲಿಸಿ, ಹಾಸಿಗೆಯ ತೇವವಾರಲೆಂದು ಸುಣ್ಣದ ಪುಡಿ ಚೆಲ್ಲುವರು. ಹೆಚ್ಚುಕಡಮೆ ಎಲ್ಲ ಹುಳುಗಳೂ ಎದ್ದ ಹೊರತು ಮತ್ತೆ ಸೊಪ್ಪು ಕೊಡರು, ಏಕೆಂದರೆ ಮೊದಲೆದ್ದವು ಮೊದಲೇ ತಿಂದುಬಿಟ್ಟರೆ ತಟ್ಟೆಯ ಹುಳುವೆಲ್ಲ ಒಂದೇ ಸಮಕ್ಕೆ ಹಣ್ಣಾಗುವುದಿಲ್ಲ, ಎಂದರೆ ಗೂಡು ಕಟ್ಟಲು ಸಿದ್ಧವಾಗುವುದಿಲ್ಲ.

ಇಂತಹ ನಾಲ್ಕು ಜ್ವರಗಳು, ಐದು ಅವಸ್ಥೆಗಳು. ಇಷ್ಟರೊಳಗೆ ಹುಳುವಿನ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತದೆ. ಈ ಬಾಲ್ಯ ಎಷ್ಟು ದಿನದ್ದೆಂದು ಕೇಳಿದರೆ, ಯಾವ ತಳಿ, ಯಾವ ಹವೆ ಎಂಬ ಮರುಪ್ರಶ್ನೆಯನ್ನು ಹಾಕದೆ ಉತ್ತರ ಹೇಳಲಾಗದು. ನಮ್ಮ ನಾಡಿನ ಹಳೆಯ ಮೈಸೂರು ತಳಿ ಗೂಡು ಕಟ್ಟುವುದಕ್ಕೆ 26ರಿಂದ 28 ದಿನ ತೆಗೆದುಕೊಂಡರೆ, ವರ್ಷಕ್ಕೆ ಎರಡು ಪೀಳಿಗೆ ಕೊಡುವ, ಶೀತದೇಶಗಳ ರಕ್ತದ ದ್ವಿತಳಿಗಳು 22ರಿಂದ 24 ದಿನಗಳಲ್ಲಿಯೇ ಹಣ್ಣಾಗುತ್ತವೆ. ಅದೇ ದ್ವಿತಳಿಯನ್ನು 25 ಡಿಗ್ರಿಯ ಬದಲು 20 ಡಿಗ್ರಿಯಲ್ಲಿ ಸಾಕಿದರೆ ದಿನಗಳು ಎಳೆಯುತ್ತ ಹೋಗುತ್ತವೆ. ಕುಲದ ಪಾಲು ಇಷ್ಟು, ಹವೆಯ ಪಾಲು ಇಷ್ಟು ಎಂದು ಪಂಚಾಯಿತಿ ಮಾಡಿ, ಎರಡನ್ನೂ ಕೂಡಿ ಲೆಕ್ಕ ಮುಗಿಸಬಹುದೆಂದು ಮೊದಲ ನೋಟಕ್ಕೆ ತೋರುವುದು ಸಹಜ; ಆದರೆ ಈ ಪುಟ್ಟ ಜೀವಿಯ ಕಾಲಗಣನೆ ಅಷ್ಟು ಸುಲಭವಾದ ಸಂಕಲನವಲ್ಲ.

ಹುಳುವಿನ ಮೈಯಲ್ಲಿ ಕಾಲವನ್ನು ಅಳೆಯುವ ಸಾಧನಗಳು ಎರಡು ಹಾರ್ಮೋನುಗಳು. ಪೊರೆ ಬಿಡಿಸುವುದು ಎಕ್‌ಡೈಸೋನ್. ಜರ್ಮನಿಯ ಬ್ಯುಟನಾಂಟ್ ಮತ್ತು ಕಾರ್ಲ್‌ಸನ್ ಎಂಬವರು 1954ರಲ್ಲಿ 500 ಕಿಲೋಗ್ರಾಂ ರೇಷ್ಮೆ ಕೋಶಗಳನ್ನು ಅರೆದು ಸೋಸಿ, ಕೊನೆಗೆ ಕೈಗೆ ಪಡೆದ ಶುದ್ಧ ವಸ್ತು ಕೇವಲ 25 ಮಿಲಿಗ್ರಾಂ. ಎರಡನೆಯದು ಬಾಲ್ಯವನ್ನು ಕಾಯುವ ಹಾರ್ಮೋನು. ಇದು ರಕ್ತದಲ್ಲಿರುವ ತನಕ ಪೊರೆ ಬಿಟ್ಟ ಹುಳು ಮತ್ತೆ ಹುಳುವೇ ಆಗುತ್ತದೆ, ಇದು ಇಳಿದುಹೋದ ಮೇಲೆ ಕೋಶವಾಗುತ್ತದೆ. ಐದನೆಯ ಅವಸ್ಥೆಯಲ್ಲಿ ಹುಳು ಒಂದು ನಿಶ್ಚಿತವಾದ ತೂಕವನ್ನು ಮುಟ್ಟಿತೆಂದರೆ, ಆಮೇಲೆ ಸೊಪ್ಪು ನಿಂತರೂ ಅದು ಚಿಕ್ಕದೊಂದು ಗೂಡನ್ನು ಕಟ್ಟಿಯೇ ತೀರುವುದು. ಬಾಲ್ಯದ ಹಾರ್ಮೋನನ್ನು ತಯಾರಿಸಲು ಬೇಕಾದ ಒಂದು ಕಿಣ್ವದ ವಂಶವಾಹಿ ಕೆಟ್ಟಿರುವ ತಳಿಯೊಂದು ಜಪಾನಿನಲ್ಲಿದೆ. ಅದರ ಹುಳುಗಳು ಐದನೆಯ ಅವಸ್ಥೆಯನ್ನೇ ಕಾಣದೆ, ಮೂರು ಅಥವಾ ನಾಲ್ಕನೆಯದರಲ್ಲಿಯೇ ಕಿರುಗೂಡುಗಳನ್ನು ಕಟ್ಟಿಬಿಡುತ್ತವೆ. ಬಾಲ್ಯದ ಗಡಿಯನ್ನು ಅಳಿಸಿಹಾಕಲು ಒಂದೇ ವಂಶವಾಹಿಯ ದೋಷ ಸಾಕಾಯಿತು!

ಆದರೆ ಸಾಮಾನ್ಯವಾದ ತಳಿಗಳ ನಡುವಣ ನಾಲ್ಕಾರು ದಿನಗಳ ಅಂತರ ಇಷ್ಟು ಒರಟಾದುದಲ್ಲ. ಹುಳುವಿನ 28 ಜೊತೆ ವರ್ಣತಂತುಗಳಲ್ಲಿ ಲಿಂಗವನ್ನು ನಿರ್ಣಯಿಸುವ ಜೊತೆಯೊಂದುಂಟು. ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಹುಳು ಬೇಗ ಹಣ್ಣಾಗಬೇಕೋ ತಡವಾಗಿ ಹಣ್ಣಾಗಬೇಕೋ ಎಂಬುದನ್ನು ಪ್ರಭಾವಿಸುವ ವಂಶವಾಹಿಯೊಂದು ಈ ಝಡ್ ಮೇಲೆ ಕುಳಿತಿದೆ. ಹೆಣ್ಣಿಗೆ ತನ್ನ ಒಂದೇ ಝಡ್ ಬರುವುದು ತಂದೆಯಿಂದ. ಆದಕಾರಣ ಎರಡು ತಳಿಗಳನ್ನು ಕೂಡಿಸುವಾಗ ತಾಯಿ ಯಾವುದು, ತಂದೆ ಯಾವುದು ಎಂಬುದನ್ನು ಅದಲುಬದಲು ಮಾಡಿದರೆ, ಹುಟ್ಟುವ ಹೆಣ್ಣುಹುಳುಗಳ ಬಾಲ್ಯದ ಅವಧಿಯೂ ಬದಲಾಗುತ್ತದೆ. ಉಳಿದ ವರ್ಣತಂತುಗಳ ಮೇಲೆಯೂ ಇದಕ್ಕೆ ಕೈಜೋಡಿಸುವ ವಂಶವಾಹಿಗಳಿವೆ.

ಕುಲವೂ ಹವೆಯೂ ಏಕೆ ಸುಮ್ಮನೆ ಕೂಡಿ ಬರುವುದಿಲ್ಲವೆಂಬ ಮೊದಲಿನ ಮಾತಿಗೆ ಇಲ್ಲಿ ಮರಳಬೇಕು. ಜರ್ಮನಿಯ ವೋಲ್ಟೆರೆಕ್ ಎಂಬ ಪ್ರಾಣಿಶಾಸ್ತ್ರಜ್ಞನು 1909ರಲ್ಲಿ, ಕೆರೆಯ ನೀರಿನಲ್ಲಿ ಬದುಕುವ ಸೂಕ್ಷ್ಮವಾದ ನೀರುಚಿಗಟಗಳನ್ನು ನಾನಾ ಪ್ರಮಾಣದ ಆಹಾರದಲ್ಲಿ ಬೆಳೆಸಿ ನೋಡಿ, ಕುಲವು ಜೀವಿಗೆ ಕೊಡುವುದು ಒಂದು ಸಂಖ್ಯೆಯನ್ನಲ್ಲ, ಒಂದು ರೇಖೆಯನ್ನು, ಎಂದರೆ ಇಂತಹ ಪರಿಸರಕ್ಕೆ ಇಂತಹ ಪ್ರತಿಕ್ರಿಯೆ ಎಂಬ ನಿಯಮವನ್ನು, ಎಂದು ತೋರಿಸಿಕೊಟ್ಟನು. ರೇಷ್ಮೆಹುಳುವಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. 25 ಡಿಗ್ರಿಯ ತಂಪಿನಲ್ಲಿ ಒಳ್ಳೆಯ ಸೊಪ್ಪು ತಿಂದ ದ್ವಿತಳಿ ಮೈಸೂರು ತಳಿಯನ್ನು ಎಲ್ಲದರಲ್ಲಿಯೂ ಹಿಂದೆ ಹಾಕುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ, ಹುಳುಮನೆ 35 ಡಿಗ್ರಿಗೆ ಕಾದಾಗ, ದ್ವಿತಳಿ ರೋಗಕ್ಕೆ ತುತ್ತಾಗಿ ಮಲಗುತ್ತದೆ, ಮೈಸೂರು ತಳಿ ತನ್ನ ನಿಧಾನದ ನಡಿಗೆಯನ್ನು ಬಿಡದೆ ಗೂಡನ್ನು ಮುಗಿಸುತ್ತದೆ. ಎರಡು ರೇಖೆಗಳು ಒಂದನ್ನೊಂದು ಕತ್ತರಿಸುತ್ತವೆ. ಯಾವ ತಳಿ ಮೇಲೆಂಬ ಪ್ರಶ್ನೆಗೆ ಹವೆಯನ್ನು ಹೇಳದೆ ಅರ್ಥವೇ ಇಲ್ಲ.

ಇನ್ನು ಮೊಟ್ಟೆಯ ವಿಷಯ; ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು ಇದೇ. ಮೈಸೂರು ತಳಿಯ ಮೊಟ್ಟೆ ಮಾಸ ಯಾವುದಾದರೂ 10–11 ದಿನಗಳಿಗೆ ಒಡೆಯುತ್ತದೆ. ದ್ವಿತಳಿಯ ಮೊಟ್ಟೆಯಾದರೋ, ಇಟ್ಟ ಎರಡು ಮೂರು ದಿನಗಳಲ್ಲಿ ಹಳದಿಯಿಂದ ಕಂದುಬಣ್ಣಕ್ಕೆ ತಿರುಗಿ, ಬೆಳವಣಿಗೆಯನ್ನು ನಿಲ್ಲಿಸಿ ನಿದ್ರಿಸಬಹುದು, ಇಲ್ಲವೆ ನಿದ್ರಿಸದೆಯೂ ಇರಬಹುದು. ಇದನ್ನು ನಿಶ್ಚಯಿಸುವುದು ಆ ಮೊಟ್ಟೆ ಕಂಡ ಹವೆಯಲ್ಲ, ಅದನ್ನಿಟ್ಟ ತಾಯಿ ತಾನೇ ಮೊಟ್ಟೆಯೊಳಗೆ ಭ್ರೂಣವಾಗಿದ್ದಾಗ ಕಂಡ ಹವೆ. ಆ ಭ್ರೂಣ 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಬೆಳೆದಿದ್ದರೆ, ಅದು ಹುಳುವಾಗಿ, ಕೋಶವಾಗಿ, ಚಿಟ್ಟೆಯಾಗಿ ಇಡುವ ಮೊಟ್ಟೆಗಳು ನಿದ್ರಿಸುತ್ತವೆ; 15 ಡಿಗ್ರಿಯಲ್ಲಿ, ಕತ್ತಲಲ್ಲಿ ಬೆಳೆದಿದ್ದರೆ ಎಚ್ಚರವಾಗಿರುತ್ತವೆ. ಅನ್ನನಾಳದ ಕೆಳಗಣ ನರಗ್ರಂಥಿಯಿಂದ ಹೊರಟು ಅಂಡಾಶಯಕ್ಕೆ ಈ ಸಂದೇಶವನ್ನು ಮುಟ್ಟಿಸುವ ಹಾರ್ಮೋನೊಂದಿದೆ ಎಂಬುದನ್ನು ಜಪಾನಿನ ಹಸೆಗಾವ ಮತ್ತು ಫುಕುದ 1951ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು. ಭ್ರೂಣದಲ್ಲಿ ಸುಮಾರು 21 ಡಿಗ್ರಿಯಿಂದ ಮೇಲಿನ ಶಾಖಕ್ಕೆ ಎಚ್ಚರಗೊಳ್ಳುವ ಶಾಖಸಂವೇದಿ ಪ್ರೋಟೀನೊಂದು 2014ರಲ್ಲಿ ಪತ್ತೆಯಾಯಿತು. ಒಂದು ತಲೆಮಾರು ಅನುಭವಿಸಿದ ಶಾಖ ಮುಂದಿನ ತಲೆಮಾರಿನ ನಿದ್ರೆಯಾಗಿ ಫಲಿಸುವುದನ್ನು ಕಂಡು ವಿಸ್ಮಯಪಡದಿರುವುದು ನನಗೆ ಸಾಧ್ಯವಾಗಿಲ್ಲ. ನಿದ್ರಿಸಬೇಕಾದ ಮೊಟ್ಟೆಗಳನ್ನು ಕೂಡಲೆ ಒಡೆಯಿಸಬೇಕಾದರೆ, ಇಟ್ಟ ಸುಮಾರು 20 ಗಂಟೆಗಳ ತರುವಾಯ 46 ಡಿಗ್ರಿಗೆ ಕಾಯಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ ತೆಗೆಯುವರು.

ನಮ್ಮ ರೈತರು ಬಹುಕಾಲದಿಂದ ಸಾಕುತ್ತ ಬಂದಿರುವ ಮಿಶ್ರತಳಿಯಲ್ಲಿ ಈ ವಿಜ್ಞಾನವೆಲ್ಲ ಸದ್ದಿಲ್ಲದೆ ಅಡಗಿದೆ. ಅದಕ್ಕೆ ತಾಯಿ ಮೈಸೂರು, ತಂದೆ ದ್ವಿತಳಿ. ನಿದ್ರೆಯ ವಿಷಯದಲ್ಲಿ ನಡೆಯುವುದು ತಾಯಿಯ ಮಾತಾದುದರಿಂದ ಮೊಟ್ಟೆಗೆ ಆಮ್ಲವೂ ಬೇಡ, ಶೈತ್ಯಾಗಾರವೂ ಬೇಡ. ತಂದೆಯ ಪಾಲಿನಿಂದ ಹುಳು ತಾಯಿಗಿಂತ ಬೇಗ ಹಣ್ಣಾಗಿ, ಹೆಚ್ಚು ನೂಲನ್ನು ಕೊಡುತ್ತದೆ.

ಮೈಸೂರು ತಳಿಯ ಗೂಡಿನ ಎಳೆ 350ರಿಂದ 400 ಮೀಟರ್ ಮಾತ್ರ, ಒಳ್ಳೆಯ ದ್ವಿತಳಿಯದು 1,000 ಮೀಟರನ್ನು ಮೀರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಹಸಿರುಮಿಶ್ರಿತ ಹಳದಿಯ ಪುಟ್ಟ ಗೂಡನ್ನು ಕೀಳೆಂದು ತೂಗುವವರಿದ್ದಾರೆ. ವರ್ಷದ ಯಾವ ಋತುವಿನಲ್ಲಿಯೂ ನಿದ್ರಿಸದ, ಯಾವ ಸೆಕೆಗೂ ಎದೆಗುಂದದ ಈ ಕುಲವನ್ನು ಬಿತ್ತನೆಗಾಗಿ ಶುದ್ಧವಾಗಿ ಉಳಿಸಿಕೊಂಡು ಬಂದಿರುವವರು ಕುಣಿಗಲು, ಮಾಗಡಿಗಳ ಸಣ್ಣ ಹಿಡುವಳಿಯ ಒಕ್ಕಲುಗಳು. ಅವರ ಬಿತ್ತನೆಗೂಡಿಗೆ ನೂಲಿನ ತೂಕದ ಮೇಲಲ್ಲ, ಕುಲದ ಯೋಗ್ಯತೆಯ ಮೇಲೆ ಬೆಲೆ ಕಟ್ಟಬೇಕೆಂದು, ಈ ಕಸುಬಿನ ಹೊಣೆ ಹೊತ್ತವರೆಲ್ಲರನ್ನೂ ನಾನು ಕೇಳಿಕೊಳ್ಳುತ್ತೇನೆ.