ಶ್ರದ್ಧೆ ಅವಳದು, ಪಹಣಿ ಯಾರದು?

ಹಳ್ಳಿಯಲ್ಲಿ ಎಂಬತ್ತು ದಾಟಿದ ರೈತ ಹೆಣ್ಣುಮಗಳು ತೀರಿಕೊಂಡಾಗ ಮಣ್ಣಿಗೆ ಬಂದವರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. ದೊಡ್ಡ ಜೀವ, ಮಕ್ಕಳು ಮೊಮ್ಮಕ್ಕಳನ್ನು ಕಂಡಿತು, ದೇವರು ದಿಂಡರು ಅಂತ ನಡೆದುಕೊಂಡಿತು, ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಿಲ್ಲ. ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಅವಳ ಗಂಡ ತೀರಿಕೊಂಡಾಗ ಎಲ್ಲರಿಗಿಂತ ಮೊದಲು ನೆನಪಾಗಿದ್ದ ಸಂಗತಿ, ಅಂದರೆ ಒಕ್ಕಲುತನ, ಅವಳ ವಿಷಯದಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅವಳು ರೈತನ ಹೆಂಡತಿ, ರೈತನ ತಾಯಿ. ಅರವತ್ತು ವರ್ಷ ಅದೇ ಹೊಲದಲ್ಲಿ ಬಗ್ಗಿ ಎದ್ದರೂ ಸ್ವತಃ ರೈತಳಲ್ಲ. ಅವಳ ದೈವಭಕ್ತಿಯನ್ನು ಒಂದು ಕಡೆಗೂ ದುಡಿಮೆಯನ್ನು ಇನ್ನೊಂದು ಕಡೆಗೂ ಇಟ್ಟು ನೋಡುವುದರಿಂದಲೇ ಈ ಅನ್ಯಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದು ಈ ಲೇಖನದ ವಾದ. ಕರ್ನಾಟಕದ ಒಕ್ಕಲು ಮನೆಗಳಲ್ಲಿ ಹೆಣ್ಣಿನ ಶ್ರದ್ಧೆಯೆಂದರೆ ಬೇಸಾಯವನ್ನು ನಡೆಸುವ ಒಂದು ಕ್ರಮ. ಅದನ್ನು ಒಪ್ಪಿಕೊಂಡರೆ ಹೊಲದ ಮೇಲೆ ಅವಳ ಹಕ್ಕನ್ನೂ ಒಪ್ಪಬೇಕಾಗುತ್ತದೆ.

ಮೊದಲು ಹಬ್ಬಗಳನ್ನೇ ನೋಡಿ. ಆಶ್ವಯುಜ ಮಾಸದ ಸೀಗಿ ಹುಣ್ಣಿಮೆಯಂದು ಉತ್ತರ ಕರ್ನಾಟಕದ ಒಕ್ಕಲಗಿತ್ತಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ. ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಸುಣ್ಣ ಬಳಿದು ಪೂಜಿಸಿ, ಕಾಳು ಕಟ್ಟುತ್ತಿರುವ ಪೈರಿಗೆ ಬಸುರಿಗೆ ಮಾಡುವಂತೆ ಸೀಮಂತದ ಉಪಚಾರ ಮಾಡುತ್ತಾಳೆ. ಮಲೆನಾಡಿನಲ್ಲಿ ಅದೇ ದಿನ ಭೂಮಿ ಹುಣ್ಣಿಮೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಹತ್ತಾರು ಬಗೆಯ ಸೊಪ್ಪು ಬೇಯಿಸುತ್ತಾರೆ. ಬೆಳಗಿನ ಜಾವ ಆ ಅಡುಗೆಯನ್ನು ಗದ್ದೆ ತೋಟದ ತುಂಬ ಬೀರಲಾಗುತ್ತದೆ. ತುಳುನಾಡಿನ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆಂದು ನೇಗಿಲು ಹಾರೆ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಅವಳಿಗೆ ಎಣ್ಣೆ ಎರೆಯುವವರು ಮನೆಯ ಹೆಂಗಸರು. ಎಳ್ಳಮಾಸಿಗೆ ಹಿಂಗಾರಿ ಜೋಳ, ಕಡಲೆ ನಿಂತ ಹೊಲದಲ್ಲಿ ಚರಗ ಚೆಲ್ಲುವಾಗ ರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆಗಳೆಲ್ಲ ಅವಳ ಕೈಯಿಂದಲೇ ಆಗಬೇಕು. ಈ ಆಚರಣೆಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ: ಯಾವುದೂ ಪಂಚಾಂಗ ನೋಡಿ ಗುಡಿಗೆ ಹೋಗಿ ಮುಗಿಸುವ ಪೂಜೆಯಲ್ಲ. ಪೈರು ಯಾವ ಹಂತದಲ್ಲಿದೆ, ನೆಲಕ್ಕೆ ಯಾವಾಗ ಬಿಡುವು ಬೇಕು, ಬೇಲಿಯಲ್ಲಿ ಯಾವ ಸೊಪ್ಪು ಬೆಳೆದಿದೆ ಎಂಬ ತಿಳಿವಳಿಕೆಯಿಲ್ಲದೆ ಇವುಗಳಲ್ಲಿ ಒಂದನ್ನೂ ಮಾಡಲಾಗದು.

ಬೀಜದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹಳೆಯ ಮೈಸೂರು ಸೀಮೆಯ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಬೆಳೆಯುತ್ತಿದ್ದವು. ರಾಗಿ ಮನೆಯ ಗಂಡಸಿನ ಲೆಕ್ಕಕ್ಕೆ ಸೇರಿದರೆ, ಅಕ್ಕಡಿ ಕಾಳು ಹೆಚ್ಚಾಗಿ ಹೆಂಗಸಿನ ಲೆಕ್ಕ. ಮುಂದಿನ ವರ್ಷಕ್ಕೆ ಯಾವ ತೆನೆ ಬೀಜಕ್ಕಾಗಬೇಕು ಎಂದು ಆರಿಸುವುದು, ಬೂದಿ ಬೆರೆಸಿ ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಮುಚ್ಚಿಡುವುದು, ಎಂಥ ಬರ ಬಂದರೂ ಆ ಗಡಿಗೆಗೆ ಕೈ ಹಾಕದಿರುವುದು ಅವಳ ವ್ರತ. ಬಿತ್ತನೆಯ ಬೀಜ ಉಂಡರೆ ಮನೆ ಏಳಿಗೆಯಾಗದು ಎಂಬ ಅವಳ ನಂಬಿಕೆಯಲ್ಲಿ ದೇವರ ಭಯವೂ ಇದೆ, ನಾಳಿನ ಬದುಕಿನ ಲೆಕ್ಕವೂ ಇದೆ. ಎರಡನ್ನೂ ಬೇರ್ಪಡಿಸುವುದು ನಮ್ಮ ಅನುಕೂಲಕ್ಕೆ, ಅವಳಿಗಾಗಿ ಅಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜಗಳನ್ನು ಉಳಿಸಿ ಹಂಚಿದ್ದಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಬೀಜ ಕಾಯುವ ಹೆಣ್ಣಿನ ಶ್ರದ್ಧೆಗೆ ಜಾತಿ ಧರ್ಮದ ಗಡಿಯಿಲ್ಲವೆಂಬುದಕ್ಕೆ ಈ ಸಂಘದ ಹೆಸರೊಂದೇ ಸಾಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಹೆಣ್ಣಿನ ಭಕ್ತಿಯನ್ನು ಹೀಗೆ ಎತ್ತಿ ಹಿಡಿದರೆ ಅವಳ ಬಾಯಿ ಮುಚ್ಚಿಸಿದ ವ್ಯವಸ್ಥೆಯನ್ನೇ ಹೊಗಳಿದಂತಲ್ಲವೇ? ಮುತ್ತೈದೆಯ ಮಡಿಲು ತುಂಬುವ ಕೈಗಳೇ ಗಂಡ ಸತ್ತ ದಿನ ಅವಳ ಬಳೆ ಒಡೆಯುತ್ತವೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲೇ ಬಡ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವ ಪದ್ಧತಿ ನಡೆಯಿತು. ಅದನ್ನು ತಡೆಯಲು ರಾಜ್ಯ 1982ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ನಂಬಿಕೆ ಹೆಣ್ಣನ್ನು ಸುಟ್ಟದ್ದೂ ಉಂಟು, ಇದನ್ನು ಮುಚ್ಚಿಟ್ಟು ಮಾತಾಡುವುದು ಅಪ್ರಾಮಾಣಿಕತೆ. ಆದರೆ ನಂಬಿಕೆಯೊಳಗೆ ಹೆಣ್ಣಿನ ಸ್ವಂತ ದನಿ ಇರಲೇ ಇಲ್ಲ ಎನ್ನುವುದೂ ಅಷ್ಟೇ ತಪ್ಪು. ಹನ್ನೆರಡನೆಯ ಶತಮಾನದಲ್ಲಿ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಆಸೆ ಶರಣನಿಗೆ ಸಲ್ಲದೆಂದು ಗಂಡನನ್ನೇ ತಿದ್ದಿದಳು. ಅಡುಗೆಮನೆಯ ಅಕ್ಕಿಯ ಅಳತೆ ಅವಳಲ್ಲಿ ಧರ್ಮದ ಅಳತೆಯಾಯಿತು. ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತೆರೆದರೆ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ದೇವರನ್ನು ನೆನೆಯುವ ಉಸಿರಿನಲ್ಲೇ ತವರನ್ನು ನೆನೆಯುತ್ತಾಳೆ, ಕೂಸಿನ ಸುಖ ಹೇಳುತ್ತಾಳೆ, ಅತ್ತೆಮನೆಯ ಕಷ್ಟಗಳನ್ನೂ ಎಣಿಸುತ್ತಾಳೆ. ಎಲ್ಲಮ್ಮನ ಭಕ್ತರ ನಂಬಿಕೆಯಲ್ಲಂತೂ ದೇವಿಯೇ ಹೊಸ್ತಿಲ ಹುಣ್ಣಿಮೆಗೆ ವಿಧವೆಯಾಗಿ ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ತನ್ನ ದುಃಖವನ್ನು ದೇವಿಯೂ ಉಂಡಿದ್ದಾಳೆಂಬ ಈ ತಿಳಿವು ಹೆಣ್ಣನ್ನು ಬದುಕಿಸಿದೆ. ಅವಳನ್ನು ಶೋಷಿಸಿದ ಕಟ್ಟಳೆಯನ್ನು ಮುರಿಯಬೇಕು. ಆ ಕಟ್ಟಳೆಯ ನಡುವೆಯೇ ಅವಳು ಕಟ್ಟಿಕೊಂಡ ಅರಿವನ್ನು ಗೌರವಿಸಬೇಕು. ಈ ಎರಡು ಕೆಲಸಗಳಿಗೆ ವೈರವಿಲ್ಲ.

ನಿಜವಾದ ವೈರ ಇರುವುದು ಹೊಗಳಿಕೆಗೂ ಹಕ್ಕಿಗೂ. ಹೆಣ್ಣನ್ನು ಭೂಮಿತಾಯಿ, ಸಹನಾಮೂರ್ತಿ ಎಂದು ಕರೆದು ಸುಮ್ಮನಾಗುವ ಸಮಾಜ ಅವಳಿಗೆ ಕೊಡಬೇಕಾದದ್ದನ್ನು ಮುಂದೂಡುತ್ತಿದೆ. ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲು ಕೃಷಿಯಲ್ಲಿದ್ದಾರೆ. ಆದರೂ 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರ ಪಾಲು ಸುಮಾರು ಶೇ 14 ಮಾತ್ರ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಅದೇ ಕೆಲಸಕ್ಕೆ ಕೈಹಚ್ಚುವ ಗಂಡಸರು ಕೊಡುವುದು 88 ನಿಮಿಷ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲ ಕಷ್ಟ, ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್‌ನ ವರ್ಷದ 6,000 ರೂಪಾಯಿ ಇಲ್ಲ. ಹೊಲದಲ್ಲಿ ದುಡಿದ ಹೆಂಗಸು ಸಾಲದ ಸಂಕಟದಿಂದ ಪ್ರಾಣ ಕಳೆದುಕೊಂಡರೂ ಭೂಮಿ ಅವಳ ಹೆಸರಿನಲ್ಲಿಲ್ಲವೆಂಬ ಕಾರಣಕ್ಕೆ ಅದು ರೈತರ ಆತ್ಮಹತ್ಯೆಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಪತ್ರಕರ್ತ ಪಿ. ಸಾಯಿನಾಥ್ ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಬದುಕಿದ್ದಾಗ ರೈತಳಲ್ಲದವಳು ಸತ್ತ ಮೇಲೂ ರೈತಳಾಗುವುದಿಲ್ಲ.

ಕಾನೂನು ಬಂದಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಬಂದಿದೆ, ನಿಜ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ತಂದೆ ಯಾವಾಗ ತೀರಿಕೊಂಡಿದ್ದರೂ ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ಈ ಕಾನೂನು ಮಗಳ ಹಕ್ಕಿನದು, ಅದೂ ತವರಿನ ಆಸ್ತಿಗೆ ಸಂಬಂಧಿಸಿದ್ದು. ಅಣ್ಣತಮ್ಮಂದಿರ ಪ್ರೀತಿ ಕಳೆದುಕೊಳ್ಳಲಾರದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳಿಗೆ ಅಲ್ಲಿ ಏನೂ ಉಳಿಯುವುದಿಲ್ಲ. ಸೊಸೆಯಾಗಿ ಬಂದು ಅರವತ್ತು ವರ್ಷ ಉತ್ತಿ ಬಿತ್ತಿದ ಹೊಲ ಗಂಡ ಬದುಕಿರುವವರೆಗೆ ಅವಳದ್ದಾಗುವುದಿಲ್ಲ. ಅವನು ಹೋದ ಮೇಲೆ ಮಕ್ಕಳೊಂದಿಗೆ ವಾರಸುದಾರಳಾಗುತ್ತಾಳೆ, ಅಷ್ಟೆ. ದುಡಿಮೆಯಿಂದ ಸಲ್ಲಬೇಕಾದದ್ದು ವೈಧವ್ಯದಿಂದ ಸಿಗುವ ವಿಚಿತ್ರ ಸ್ಥಿತಿ ಇದು.

ಪಹಣಿಯಲ್ಲಿ ಹೆಂಡತಿಯ ಹೆಸರನ್ನೂ ಜಂಟಿಯಾಗಿ ಸೇರಿಸಿದರೆ ಮನೆ ಒಡೆಯುತ್ತದೆ, ಭೂಮಿ ತುಂಡಾಗುತ್ತದೆ ಎಂಬ ಅಂಜಿಕೆಯೂ ಇದೆ. ಭೂಮಿ ಈಗಾಗಲೇ ತುಂಡಾಗುತ್ತಿರುವುದು ಗಂಡುಮಕ್ಕಳ ನಡುವಿನ ಹಿಸೆಯಿಂದ. ಗಂಡ ಹೆಂಡತಿ ಇಬ್ಬರ ಹೆಸರೂ ಒಂದೇ ಪಹಣಿಯಲ್ಲಿ ಕೂತರೆ ಬದು ಒಂದಿಂಚೂ ಸರಿಯುವುದಿಲ್ಲ. ಮನೆ ಒಡೆಯುವುದೆಂಬ ಮಾತಿಗೆ ಕೇರಳದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಮತ್ತು ಪ್ರದೀಪ್ ಪಾಂಡಾ 2005ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಆಸ್ತಿಯಿಲ್ಲದ ಹೆಂಡತಿಯರಲ್ಲಿ ಶೇ 49ರಷ್ಟು ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರೆ, ಮನೆ ಮತ್ತು ಭೂಮಿ ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ 7. ಹೆಂಡತಿಗೆ ನೆಲ ಸಿಕ್ಕರೆ ಸಂಸಾರ ನೆಮ್ಮದಿ ಕಾಣುತ್ತದೆ. ಗಂಡಸರು ಒಪ್ಪುವುದಿಲ್ಲ ಎನ್ನುವವರು ನೆರೆಯ ಮಹಾರಾಷ್ಟ್ರವನ್ನು ನೋಡಲಿ. ಅಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆ 1980ರ ದಶಕದ ಕೊನೆಯಲ್ಲಿ ‘ಲಕ್ಷ್ಮಿ ಮುಕ್ತಿ’ ಚಳವಳಿ ಹೂಡಿದಾಗ ರೈತರು ತಾವಾಗಿಯೇ ಹೆಂಡತಿಯರ ಹೆಸರಿಗೆ ಭೂಮಿ ಬರೆದುಕೊಟ್ಟರು. ಲಕ್ಷ್ಮಿಯ ಋಣ ತೀರಿಸಬೇಕೆಂಬ ಭಾವವೇ ಆ ಚಳವಳಿಯ ಕಸುವು. ಶ್ರದ್ಧೆ ಮತ್ತು ಹಕ್ಕು ಒಂದೇ ದಾರಿಯಲ್ಲಿ ನಡೆದದ್ದಕ್ಕೆ ಇದು ಸಾಕ್ಷಿ.

ಕರ್ನಾಟಕಕ್ಕೆ ಈ ದಾರಿ ಅಪರಿಚಿತವೇನಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯಾಗಿಸಿತು. ಅದೇ ಆಧಾರದ ಮೇಲೆ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಅವಳ ಖಾತೆಗೆ ಬರುತ್ತಿದೆ. ಒಲೆಯ ಯಜಮಾನಿಯೆಂದು ಒಪ್ಪಿದ ಸರ್ಕಾರ ಹೊಲದ ಯಜಮಾನಿಯೆಂದು ಒಪ್ಪಲು ಹಿಂಜರಿಯಬೇಕಿಲ್ಲ. ಪೌತಿ ಖಾತೆ ಮಾಡುವಾಗ, ಪಾಲುಪತ್ರ ನೋಂದಾಯಿಸುವಾಗ ಹೆಂಡತಿಯ ಹೆಸರನ್ನು ಜಂಟಿಯಾಗಿ ಸೇರಿಸುವ ಕ್ರಮವನ್ನು ಕಂದಾಯ ಇಲಾಖೆ ರೂಢಿಗೆ ತರಬೇಕು. ಅದಕ್ಕಾಗಿ ಕಾದು ಕೂರದೆ ಮನೆಯವರೂ ಮುಂದಾಗಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಸಣ್ಣ ಮೊತ್ತ. ನಿಮ್ಮ ಮನೆಯಲ್ಲಿ ಹೊಲವಿದ್ದು, ಆ ಹೊಲಕ್ಕೆ ಚರಗ ಚೆಲ್ಲಿದ ತಾಯಿ ಇನ್ನೂ ಬದುಕಿದ್ದರೆ, ಪಹಣಿ ತೆಗೆಸಿ ನೋಡಿ. ಅದರಲ್ಲಿ ಅವಳ ಹೆಸರಿಲ್ಲದಿದ್ದರೆ ಈ ವರ್ಷವೇ ಸೇರಿಸಿ.